ಅಪ್ರಾಪ್ತ ವಯಸ್ಕರ ಮದ್ಯ ಪ್ರಕರಣಗಳು ಮತ್ತು ಕಾನೂನಿನ ಹಕ್ಕುಗಳು (ಕರ್ನಾಟಕ)

ಅಪ್ರಾಪ್ತ ವಯಸ್ಕರ ಮದ್ಯ ಪ್ರಕರಣಗಳು ಎಂದರೆ, ಕಾನೂನು ಗೊತ್ತುಪಡಿಸಿದ ವಯಸ್ಸನ್ನು ತಲುಪದ ಹುಡುಗ ಅಥವಾ ಹುಡುಗಿ ಮದ್ಯವನ್ನು ಕೊಂಡ, ಇಟ್ಟುಕೊಂಡ, ಸಾಗಿಸಿದ ಅಥವಾ ಸೇವಿಸಿದ ಸಂಬಂಧದಲ್ಲಿ ಪೊಲೀಸರ ಅಥವಾ ಅಬಕಾರಿ ಅಧಿಕಾರಿಗಳ ಕ್ರಮಕ್ಕೆ ಒಳಗಾಗುವ ಪ್ರಕರಣಗಳು. ಕರ್ನಾಟಕದಲ್ಲಿ ಇವುಗಳಿಗೆ ಮುಖ್ಯವಾಗಿ ಎರಡು ಕಾಯಿದೆಗಳು ಅನ್ವಯಿಸುತ್ತವೆ. ಒಂದು, ಕರ್ನಾಟಕ ಅಬಕಾರಿ ಕಾಯಿದೆ, 1965. ಇನ್ನೊಂದು, ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯಿದೆ, 2015. ಮೊದಲನೆಯದು ಮದ್ಯದ ತಯಾರಿಕೆ, ಸಾಗಣೆ, ಮಾರಾಟ ಮತ್ತು ಸ್ವಾಧೀನವನ್ನು ನಿಯಂತ್ರಿಸುತ್ತದೆ. ಎರಡನೆಯದು 18 ವರ್ಷ ತುಂಬದವರ ಮೇಲೆ ಯಾವುದೇ ಆರೋಪ ಬಂದಾಗ ಅವರನ್ನು ಹೇಗೆ ನಡೆಸಿಕೊಳ್ಳಬೇಕೆಂದು ವಿಧಿಸುತ್ತದೆ. ಈ ಎರಡರ ನಡುವೆ ಘರ್ಷಣೆ ಉಂಟಾದರೆ, ಮಗುವಿನ ವಿಷಯದಲ್ಲಿ ಬಾಲನ್ಯಾಯ ಕಾಯಿದೆಯೇ ಮೇಲುಗೈ ಪಡೆಯುತ್ತದೆ.

ಹದಿಹರೆಯದವರು ಎಂಬ ಪದ ಆಡುಮಾತಿನಲ್ಲಿ ಒಂದೇ ಗುಂಪನ್ನು ಸೂಚಿಸಿದರೂ, ಕಾನೂನಿನ ದೃಷ್ಟಿಯಲ್ಲಿ ಅವರಲ್ಲಿ ಎರಡು ವರ್ಗಗಳಿವೆ. 18 ವರ್ಷ ತುಂಬದವರು ಮಕ್ಕಳು. 18 ತುಂಬಿ 21 ತುಂಬದವರು ವಯಸ್ಕರು, ಆದರೆ ಮದ್ಯ ಕೊಳ್ಳಲು ಅರ್ಹರಲ್ಲದವರು. ಒಂದೇ ರಾತ್ರಿ, ಒಂದೇ ಸ್ಥಳದಲ್ಲಿ, ಒಂದೇ ಬಾಟಲಿಯೊಂದಿಗೆ ಸಿಕ್ಕಿಬಿದ್ದ ಇಬ್ಬರು ಸ್ನೇಹಿತರಲ್ಲಿ ಒಬ್ಬನಿಗೆ ಹದಿನೇಳೂವರೆ, ಇನ್ನೊಬ್ಬನಿಗೆ ಹದಿನೆಂಟೂವರೆ ಆಗಿದ್ದರೆ, ಇಬ್ಬರ ಪ್ರಕರಣಗಳು ಬೇರೆ ಬೇರೆ ದಾರಿ ಹಿಡಿಯುತ್ತವೆ.

ಐತಿಹಾಸಿಕ ಹಿನ್ನೆಲೆ

ಮದ್ಯದ ನಿಯಂತ್ರಣವು ಭಾರತದ ಸಂವಿಧಾನದಲ್ಲಿ ರಾಜ್ಯಗಳ ಅಧಿಕಾರಕ್ಕೆ ಸೇರಿದ ವಿಷಯ. ಸಂವಿಧಾನದ 47ನೆಯ ವಿಧಿಯು ಆರೋಗ್ಯಕ್ಕೆ ಹಾನಿಕರವಾದ ಮಾದಕ ಪಾನೀಯಗಳ ಸೇವನೆಯನ್ನು ನಿಷೇಧಿಸಲು ರಾಜ್ಯವು ಪ್ರಯತ್ನಿಸಬೇಕೆಂದು ನಿರ್ದೇಶಿಸುತ್ತದೆ. ಸ್ವಾತಂತ್ರ್ಯಾನಂತರ ಮೈಸೂರು ರಾಜ್ಯದ ಹಲವು ಭಾಗಗಳಲ್ಲಿ ಪಾನನಿಷೇಧ ಜಾರಿಯಲ್ಲಿತ್ತು. 1967ರಲ್ಲಿ ಅದನ್ನು ಸಡಿಲಿಸಿದ ಮೇಲೆ, ಸನ್ನದಿನ ಮೂಲಕ ಮಾರಾಟ ಮಾಡುವ ವ್ಯವಸ್ಥೆ ರಾಜ್ಯದಾದ್ಯಂತ ನೆಲೆಗೊಂಡಿತು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಮಾರಾಟವನ್ನು ನಿಷೇಧಿಸಲಾಯಿತು. ಇತರ ಮದ್ಯಗಳ ಮಾರಾಟ ಮುಂದುವರಿದಿದೆ.

ಮಕ್ಕಳಿಗೆ ಸಂಬಂಧಿಸಿದ ಕಾನೂನು ಬೇರೊಂದು ಹಾದಿಯಲ್ಲಿ ಬೆಳೆಯಿತು. ರಾಜ್ಯದಲ್ಲಿ 1964ರ ಮಕ್ಕಳ ಕಾಯಿದೆ ಜಾರಿಯಲ್ಲಿತ್ತು. 1986ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಬಾಲನ್ಯಾಯ ಕಾಯಿದೆ ಬಂದಿತು. ಅದರಂತೆ ಹುಡುಗರಿಗೆ 16, ಹುಡುಗಿಯರಿಗೆ 18 ವರ್ಷದ ಮಿತಿ ಇತ್ತು. ಭಾರತವು 1992ರಲ್ಲಿ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಒಪ್ಪಿಕೊಂಡ ತರುವಾಯ, 2000ದ ಕಾಯಿದೆಯು ಇಬ್ಬರಿಗೂ 18 ವರ್ಷವನ್ನೇ ಮಿತಿಯಾಗಿ ಗೊತ್ತುಪಡಿಸಿತು. ಈಗಿರುವ 2015ರ ಕಾಯಿದೆಯು 2016ರ ಜನವರಿ 15ರಂದು ಜಾರಿಗೆ ಬಂದಿತು.

ವಯಸ್ಸಿನ ಮಿತಿ

ಕರ್ನಾಟಕದಲ್ಲಿ ಮದ್ಯ ಮಾರಾಟದ ವಯಸ್ಸಿನ ಬಗ್ಗೆ ಎರಡು ಅಂಕಿಗಳು ಕಾಣಸಿಗುತ್ತವೆ. ಅಬಕಾರಿ ಕಾಯಿದೆಯ 36(1)(ಜಿ) ಕಲಂ 18 ವರ್ಷಕ್ಕಿಂತ ಕಡಿಮೆ ವಯಸ್ಸಿನವರಿಗೆ ಮದ್ಯ ಮಾರುವುದನ್ನು ನಿಷೇಧಿಸುತ್ತದೆ. ಕರ್ನಾಟಕ ಅಬಕಾರಿ ಸನ್ನದುಗಳ (ಸಾಮಾನ್ಯ ಷರತ್ತುಗಳು) ನಿಯಮಗಳು, 1967ರ 10(1)(ಇ) ನಿಯಮವು 21 ವರ್ಷಕ್ಕಿಂತ ಕಡಿಮೆ ವಯಸ್ಸಿನವರಿಗೆ ಮಾರುವುದನ್ನು ನಿಷೇಧಿಸುತ್ತದೆ. ಸನ್ನದುದಾರನು ನಿಯಮದ ಷರತ್ತಿಗೂ ಬದ್ಧನಾಗಿರುವುದರಿಂದ, ಆಚರಣೆಯಲ್ಲಿ 21 ವರ್ಷವೇ ಮಿತಿ. ಚಿಲ್ಲರೆ ಮಾರಾಟದ ಸಿಎಲ್-2 ಅಂಗಡಿ, ಸಿಎಲ್-9 ಬಾರ್, ವಸತಿಗೃಹಗಳ ಸಿಎಲ್-7, ಕ್ಲಬ್ಬುಗಳ ಸಿಎಲ್-4 ಸನ್ನದು ಎಲ್ಲಕ್ಕೂ ಇದು ಅನ್ವಯಿಸುತ್ತದೆ.

2023ರ ಜನವರಿಯಲ್ಲಿ ರಾಜ್ಯ ಸರ್ಕಾರವು ಕಾಯಿದೆ ಮತ್ತು ನಿಯಮಗಳ ನಡುವಿನ ಈ ವ್ಯತ್ಯಾಸವನ್ನು ನಿವಾರಿಸಲು ಕರಡು ತಿದ್ದುಪಡಿಯೊಂದನ್ನು ಪ್ರಕಟಿಸಿತು. ನಿಯಮದಲ್ಲಿನ 21ನ್ನು 18ಕ್ಕೆ ಇಳಿಸುವುದು ಅದರ ತಿರುಳಾಗಿತ್ತು. ಆಕ್ಷೇಪಣೆ ಸಲ್ಲಿಸಲು ಸಾರ್ವಜನಿಕರಿಗೆ 30 ದಿನಗಳ ಕಾಲಾವಕಾಶ ನೀಡಲಾಗಿತ್ತು. ವ್ಯಾಪಕ ವಿರೋಧ ವ್ಯಕ್ತವಾದ್ದರಿಂದ ಅದೇ ತಿಂಗಳು ಸರ್ಕಾರ ಪ್ರಸ್ತಾಪವನ್ನು ಹಿಂತೆಗೆದುಕೊಂಡಿತು. ಹೀಗಾಗಿ ಕಾಯಿದೆಯಲ್ಲಿ 18, ನಿಯಮದಲ್ಲಿ 21 ಎಂಬ ಸ್ಥಿತಿ ಹಾಗೆಯೇ ಉಳಿಯಿತು.

ಹೊಣೆ ಯಾರ ಮೇಲೆ

ಮೇಲಿನ ಎರಡೂ ವಿಧಿಗಳು ಮಾರುವವನನ್ನು ಉದ್ದೇಶಿಸಿ ರಚಿತವಾಗಿವೆ. ಅಮೆರಿಕ ಸಂಯುಕ್ತ ಸಂಸ್ಥಾನದ ಅನೇಕ ರಾಜ್ಯಗಳಲ್ಲಿ 21 ವರ್ಷ ತುಂಬದವನ ಕೈಯಲ್ಲಿ ಮದ್ಯ ಇರುವುದೇ ಪ್ರತ್ಯೇಕ ಅಪರಾಧ. ಅಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳು ಎದುರಿಸುವ ಆರೋಪ ಸಾಮಾನ್ಯವಾಗಿ ಅದೇ. ಕರ್ನಾಟಕದ ವಯೋಮಿತಿಯ ವಿಧಿಗಳ ಸ್ವರೂಪ ಬೇರೆ. ಇಲ್ಲಿ ವಯಸ್ಸನ್ನು ಪರಿಶೀಲಿಸಬೇಕಾದ ಕರ್ತವ್ಯ ಸನ್ನದುದಾರನದು ಮತ್ತು ಅವನ ಕೆಲಸಗಾರರದು.

ಬಾಲನ್ಯಾಯ ಕಾಯಿದೆಯೂ ಇದೇ ನಿಲುವನ್ನು ಇನ್ನಷ್ಟು ಕಟುವಾಗಿ ತಳೆದಿದೆ. ಅದರ 77ನೆಯ ಕಲಂನಂತೆ, ಅರ್ಹ ವೈದ್ಯರ ಆದೇಶವಿಲ್ಲದೆ ಮಗುವಿಗೆ ಮದ್ಯವನ್ನಾಗಲಿ, ಮಾದಕ ವಸ್ತುವನ್ನಾಗಲಿ, ತಂಬಾಕನ್ನಾಗಲಿ ಕೊಡುವವರಿಗೆ ಅಥವಾ ಕೊಡಿಸುವವರಿಗೆ 7 ವರ್ಷಗಳವರೆಗಿನ ಕಠಿಣ ಸೆರೆವಾಸ ಮತ್ತು 1 ಲಕ್ಷ ರೂಪಾಯಿಗಳವರೆಗಿನ ದಂಡ ವಿಧಿಸಬಹುದು. ಈ ಕಲಂ ಅಂಗಡಿಯವನಿಗಷ್ಟೇ ಸೀಮಿತವಲ್ಲ. ಮದುವೆಯ ಮುನ್ನಾದಿನದ ಸಂಭ್ರಮದಲ್ಲಿ ಹುಡುಗನ ಕೈಗೆ ಲೋಟ ಕೊಡುವ ನೆಂಟನಿಗೂ ಅದು ಅನ್ವಯಿಸುತ್ತದೆ. 78ನೆಯ ಕಲಂ ಮದ್ಯವನ್ನು ಮಾರಲು, ಒಯ್ಯಲು, ಪೂರೈಸಲು ಅಥವಾ ಕಳ್ಳಸಾಗಣೆ ಮಾಡಲು ಮಗುವನ್ನು ಬಳಸಿಕೊಳ್ಳುವವರಿಗೆ ಇಷ್ಟೇ ಪ್ರಮಾಣದ ಶಿಕ್ಷೆಯನ್ನು ವಿಧಿಸುತ್ತದೆ. ಗೂಡಂಗಡಿಯ ಮಾಲೀಕನು ಮದ್ಯದ ಪೊಟ್ಟಣಗಳನ್ನು ತರಿಸಲು ಹದಿನಾರರ ಹುಡುಗನನ್ನು ಸೈಕಲ್ಲಿನಲ್ಲಿ ಕಳುಹಿಸಿದ್ದರೆ, ಆ ಹುಡುಗನನ್ನು ಆರೋಪಿಯೆಂದು ಕಾಣುವ ಮೊದಲು ಅವನನ್ನು ಬಳಸಿಕೊಂಡವರು ಯಾರೆಂದು ಕೇಳಬೇಕಾಗುತ್ತದೆ.

ಇದರರ್ಥ ಹದಿಹರೆಯದವರ ಮೇಲೆ ಯಾವ ಆರೋಪವೂ ಬರಲಾರದು ಎಂದಲ್ಲ. ಸಾಮಾನ್ಯವಾಗಿ ಎದುರಾಗುವ ಸಂದರ್ಭಗಳು ಇವು:

- ಸಾರ್ವಜನಿಕ ಸ್ಥಳದಲ್ಲಿ ಮದ್ಯ ಸೇವಿಸುವುದು. ಇದನ್ನು ಅಬಕಾರಿ ಕಾಯಿದೆಯ 15(ಎ) ಕಲಂ ನಿಷೇಧಿಸುತ್ತದೆ. ರಾಜ್ಯದ ಠಾಣೆಗಳಲ್ಲಿ ಇಂತಹ ಪ್ರಕರಣಗಳನ್ನು ಸಾಮಾನ್ಯವಾಗಿ ‘15(ಎ), 32(3)’ ಎಂದು ದಾಖಲಿಸುತ್ತಾರೆ.
- ನಿಗದಿತ ಪ್ರಮಾಣಕ್ಕಿಂತ ಹೆಚ್ಚಿನ ಮದ್ಯವನ್ನು ಅಥವಾ ಅಕ್ರಮವಾಗಿ ತಯಾರಿಸಿದ ಮದ್ಯವನ್ನು ಇಟ್ಟುಕೊಳ್ಳುವುದು, ಸಾಗಿಸುವುದು.
- ಕುಡಿದು ಸಾರ್ವಜನಿಕ ಸ್ಥಳದಲ್ಲಿ ದುರ್ವರ್ತನೆ ತೋರುವುದು. ಭಾರತೀಯ ನ್ಯಾಯ ಸಂಹಿತೆ, 2023ರ 355ನೆಯ ಕಲಂ ಇದಕ್ಕೆ 24 ಗಂಟೆಗಳವರೆಗಿನ ಸಾದಾ ಸೆರೆವಾಸ ಅಥವಾ 1,000 ರೂಪಾಯಿಗಳವರೆಗಿನ ದಂಡ ಅಥವಾ ಎರಡನ್ನೂ, ಇಲ್ಲವೇ ಸಮುದಾಯ ಸೇವೆಯನ್ನು ವಿಧಿಸುತ್ತದೆ.
- ಕುಡಿದು ವಾಹನ ಚಲಾಯಿಸುವುದು.

18 ವರ್ಷ ತುಂಬದವರ ಹಕ್ಕುಗಳು

ಬಾಲನ್ಯಾಯ ಕಾಯಿದೆಯು ಇಂತಹವರನ್ನು ‘ಆರೋಪಿ’ ಎನ್ನುವುದಿಲ್ಲ, ‘ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು’ ಎನ್ನುತ್ತದೆ. ಕಳಂಕ ತರುವ ಪದಗಳನ್ನು ಬಳಸಬಾರದೆಂಬುದು ಕಾಯಿದೆಯ 3ನೆಯ ಕಲಂನಲ್ಲಿರುವ ಮೂಲತತ್ತ್ವಗಳಲ್ಲಿ ಒಂದು. 18 ವರ್ಷ ತುಂಬುವವರೆಗೆ ಮಗುವಿಗೆ ದುರುದ್ದೇಶವಾಗಲಿ ಅಪರಾಧದ ಉದ್ದೇಶವಾಗಲಿ ಇಲ್ಲವೆಂದು ಭಾವಿಸತಕ್ಕದ್ದು ಎಂಬುದು ಇನ್ನೊಂದು. 7 ವರ್ಷಕ್ಕಿಂತ ಚಿಕ್ಕವರ ಯಾವ ಕೃತ್ಯವೂ ಅಪರಾಧವಲ್ಲವೆಂದು ನ್ಯಾಯ ಸಂಹಿತೆಯ 20ನೆಯ ಕಲಂ ಹೇಳುತ್ತದೆ.

ಅಪರಾಧಗಳ ವರ್ಗೀಕರಣ

ಕಾಯಿದೆಯು ಅಪರಾಧಗಳನ್ನು ಸಣ್ಣ, ಗಂಭೀರ ಮತ್ತು ಘೋರ ಎಂದು ಮೂರಾಗಿ ವಿಂಗಡಿಸಿದೆ. ಗರಿಷ್ಠ ಶಿಕ್ಷೆ 3 ವರ್ಷಗಳವರೆಗೆ ಇರುವಂಥದು ಸಣ್ಣ ಅಪರಾಧ. ಕನಿಷ್ಠ ಶಿಕ್ಷೆಯೇ 7 ವರ್ಷ ಅಥವಾ ಅದಕ್ಕಿಂತ ಹೆಚ್ಚಾಗಿರುವಂಥದು ಘೋರ ಅಪರಾಧ. 16 ದಾಟಿದವರನ್ನು ವಯಸ್ಕರಂತೆ ವಿಚಾರಣೆಗೆ ಒಳಪಡಿಸುವ ಸಾಧ್ಯತೆ ಇರುವುದು ಘೋರ ಅಪರಾಧಗಳಲ್ಲಿ ಮಾತ್ರ. ಸಾರ್ವಜನಿಕ ಸ್ಥಳದಲ್ಲಿ ಕುಡಿದ ಅಥವಾ ಕುಡಿದು ಗಲಾಟೆ ಮಾಡಿದ ಪ್ರಕರಣಗಳು ಆ ವರ್ಗದ ಹತ್ತಿರಕ್ಕೂ ಬರುವುದಿಲ್ಲ.

ಪೊಲೀಸರ ಮುಂದೆ

ಪ್ರತಿ ಪೊಲೀಸ್ ಠಾಣೆಯಲ್ಲಿ ಸಹಾಯಕ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಒಬ್ಬ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಯನ್ನು ಗೊತ್ತುಪಡಿಸಿರಬೇಕೆಂದು 107ನೆಯ ಕಲಂ ವಿಧಿಸುತ್ತದೆ. ಮಗುವನ್ನು ವಶಕ್ಕೆ ಪಡೆದ ಕೂಡಲೇ ಈ ಅಧಿಕಾರಿಯ ಅಥವಾ ವಿಶೇಷ ಮಕ್ಕಳ ಪೊಲೀಸ್ ಘಟಕದ ಸುಪರ್ದಿಗೆ ಒಪ್ಪಿಸಬೇಕು.

ಕೇಂದ್ರ ಸರ್ಕಾರದ 2016ರ ಮಾದರಿ ನಿಯಮಗಳ 8ನೆಯ ನಿಯಮವು ಈ ಹಂತವನ್ನು ವಿವರವಾಗಿ ನಿರೂಪಿಸಿದೆ. ಅದರ ಮುಖ್ಯಾಂಶಗಳು ಹೀಗಿವೆ:

- ಮಗುವನ್ನು ವಶಕ್ಕೆ ಪಡೆಯುವ ಅಧಿಕಾರವನ್ನು, ಮಗುವಿನ ಹಿತಕ್ಕೆ ಅಗತ್ಯವಿಲ್ಲದಿದ್ದರೆ, ಘೋರ ಅಪರಾಧಗಳಲ್ಲಿ ಮಾತ್ರ ಬಳಸಬೇಕು.
- ಘೋರ ಅಪರಾಧ ಅಥವಾ ವಯಸ್ಕರೊಂದಿಗೆ ಸೇರಿ ಎಸಗಿದ ಅಪರಾಧದ ಹೊರತು ಪ್ರಥಮ ವರ್ತಮಾನ ವರದಿಯನ್ನು ದಾಖಲಿಸಬಾರದು. ಮಾಹಿತಿಯನ್ನು ಠಾಣಾ ದಿನಚರಿಯಲ್ಲಿ ಬರೆದು, ಮಗುವಿನ ಸಾಮಾಜಿಕ ಹಿನ್ನೆಲೆಯ ವರದಿಯೊಂದಿಗೆ ಬಾಲನ್ಯಾಯ ಮಂಡಳಿಗೆ ಕಳುಹಿಸಬೇಕು.
- ಲಾಕಪ್ಪಿನಲ್ಲಿ ಇಡಬಾರದು, ಕೈಕೋಳ ತೊಡಿಸಬಾರದು.
- ಆರೋಪವೇನೆಂದು ತಡಮಾಡದೆ ತಿಳಿಸಬೇಕು. ತಂದೆತಾಯಿಗೆ ಅಥವಾ ಪೋಷಕರಿಗೆ ಸುದ್ದಿ ಮುಟ್ಟಿಸಬೇಕು.
- ತಪ್ಪೊಪ್ಪಿಗೆಗೆ ಒತ್ತಾಯಿಸಬಾರದು. ಮಗುವಿನಿಂದ ಯಾವುದೇ ಹೇಳಿಕೆಗೆ ಸಹಿ ಹಾಕಿಸಿಕೊಳ್ಳಬಾರದು.
- ಉಚಿತ ಕಾನೂನು ನೆರವಿಗಾಗಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ತಿಳಿಸಬೇಕು.
- ಮಗುವಿನೊಂದಿಗೆ ವ್ಯವಹರಿಸುವ ಅಧಿಕಾರಿ, ಆದಷ್ಟು ಮಟ್ಟಿಗೆ, ಸಮವಸ್ತ್ರದಲ್ಲಿರದೆ ಸಾದಾ ಉಡುಪಿನಲ್ಲಿರಬೇಕು. ಹುಡುಗಿಯಾದರೆ ಮಹಿಳಾ ಸಿಬ್ಬಂದಿ ಇರಬೇಕು.

ಮಗನನ್ನು ಬಿಡಿಸಿಕೊಂಡು ಹೋಗುವ ಆತುರದಲ್ಲಿ ಪೋಷಕರು ಬರೆದದ್ದನ್ನು ಓದದೆಯೇ ಸಹಿ ಮಾಡುವುದು, ಮಗನಿಂದಲೂ ಮಾಡಿಸುವುದು ಉಂಟು. ಮಗುವಿನ ಸಹಿಯನ್ನು ನಿಯಮವೇ ತಡೆಯುತ್ತದೆ. ಮಗುವನ್ನು ಮುಂದಿನ ದಿನ ಹಾಜರುಪಡಿಸುತ್ತೇವೆಂದು ಪೋಷಕರು ಬರೆದುಕೊಡುವ ಮುಚ್ಚಳಿಕೆ ಬೇರೆ, ನಡೆದ ಘಟನೆಯನ್ನು ಒಪ್ಪಿಕೊಳ್ಳುವ ಹೇಳಿಕೆ ಬೇರೆ. ಎರಡನ್ನೂ ಒಂದೇ ಹಾಳೆಯಲ್ಲಿ ಬೆರೆಸಲಾಗಿದೆಯೇ ಎಂದು ನೋಡಿಕೊಳ್ಳುವುದು ಅಗತ್ಯ.

ಮಂಡಳಿಯ ಮುಂದೆ ಹಾಜರುಪಡಿಸುವಿಕೆ

ವಶಕ್ಕೆ ಪಡೆದ ಮಗುವನ್ನು, ಪ್ರಯಾಣದ ಅವಧಿಯನ್ನು ಬಿಟ್ಟು, 24 ಗಂಟೆಗಳೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕೆಂದು 10ನೆಯ ಕಲಂ ಹೇಳುತ್ತದೆ. ಮಂಡಳಿಯು ಅಧಿವೇಶನದಲ್ಲಿ ಇಲ್ಲದಿದ್ದರೆ ಅದರ ಒಬ್ಬ ಸದಸ್ಯರ ಮುಂದೆಯೂ ಹಾಜರುಪಡಿಸಬಹುದು. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟರೂ ಇಬ್ಬರು ಸಮಾಜ ಕಾರ್ಯಕರ್ತರೂ ಇರುತ್ತಾರೆ. ಸಮಾಜ ಕಾರ್ಯಕರ್ತರಲ್ಲಿ ಕನಿಷ್ಠ ಒಬ್ಬರು ಮಹಿಳೆಯಾಗಿರಬೇಕು. ಮಂಡಳಿಯು ಸಾಮಾನ್ಯ ನ್ಯಾಯಾಲಯದ ಸ್ವರೂಪದಲ್ಲಿ ಇರಬಾರದು, ಮಗುವಿಗೆ ಭಯ ಹುಟ್ಟಿಸುವಂತಿರಬಾರದು ಎಂಬುದು ಕಾಯಿದೆಯ ಆಶಯ. ಕಲಾಪವನ್ನು ಮಗುವಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸುವುದು, ಅಗತ್ಯವಿದ್ದರೆ ಭಾಷಾಂತರಕಾರರನ್ನು ಒದಗಿಸುವುದು, ಕಾನೂನು ನೆರವು ದೊರಕಿಸುವುದು ಮಂಡಳಿಯ ಕರ್ತವ್ಯಗಳು. ಮಗುವಿನ ಮೇಲೆ ಹಲ್ಲೆ ಅಥವಾ ದುರ್ವ್ಯವಹಾರ ನಡೆದಿದ್ದರೆ ಅದನ್ನು ಮಂಡಳಿಯ ಮುಂದೆ ಹೇಳಿಕೊಳ್ಳಲು ಇದೇ ಮೊದಲ ಅವಕಾಶ.

ಜಾಮೀನು

12ನೆಯ ಕಲಂನಂತೆ, ಅಪರಾಧವು ಜಾಮೀನು ನೀಡಬಹುದಾದದ್ದಾಗಿರಲಿ ಇಲ್ಲದಿರಲಿ, ಮಗುವನ್ನು ಜಾಮೀನುದಾರರೊಂದಿಗೆ ಅಥವಾ ಜಾಮೀನುದಾರರಿಲ್ಲದೆ ಬಿಡುಗಡೆ ಮಾಡುವುದೇ ನಿಯಮ. ಬೇಕಿದ್ದರೆ ಪರಿವೀಕ್ಷಣಾಧಿಕಾರಿಯ ಮೇಲ್ವಿಚಾರಣೆಗೆ ಒಪ್ಪಿಸಬಹುದು. ಬಿಡುಗಡೆಯಿಂದ ಮಗು ಅಪರಾಧಿಗಳ ಸಹವಾಸಕ್ಕೆ ಬೀಳುವ, ನೈತಿಕ, ದೈಹಿಕ ಅಥವಾ ಮಾನಸಿಕ ಅಪಾಯಕ್ಕೆ ಒಳಗಾಗುವ ಅಥವಾ ನ್ಯಾಯದ ಉದ್ದೇಶ ವಿಫಲವಾಗುವ ಸಂಭವವಿದ್ದರೆ ಮಾತ್ರ ನಿರಾಕರಿಸಬಹುದು. ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ನಮೂದಿಸಬೇಕು. ಹಾಗೆ ಬಿಡುಗಡೆಯಾಗದ ಮಗುವನ್ನು ವೀಕ್ಷಣಾಲಯದಲ್ಲಿ ಅಥವಾ ಸುರಕ್ಷಿತ ಸ್ಥಳದಲ್ಲಿ ಇರಿಸಬೇಕೇ ಹೊರತು ಕಾರಾಗೃಹದಲ್ಲಲ್ಲ. ಜಾಮೀನಿನ ಷರತ್ತುಗಳನ್ನು 7 ದಿನಗಳೊಳಗೆ ಪೂರೈಸಲಾಗದಿದ್ದರೆ, ಷರತ್ತನ್ನು ಬದಲಿಸಲು ಮಗುವನ್ನು ಮತ್ತೆ ಮಂಡಳಿಯ ಮುಂದೆ ತರಬೇಕು. ಬಡತನದ ಕಾರಣದಿಂದ ಯಾವ ಮಗುವೂ ಒಳಗೇ ಉಳಿಯಬಾರದೆಂಬುದು ಇದರ ಉದ್ದೇಶ.

ವಿಚಾರಣೆ ಮತ್ತು ಆದೇಶ

ವಿಚಾರಣೆಯನ್ನು ಮೊದಲು ಹಾಜರುಪಡಿಸಿದ ದಿನದಿಂದ 4 ತಿಂಗಳೊಳಗೆ ಮುಗಿಸಬೇಕು. ಕಾರಣಗಳನ್ನು ದಾಖಲಿಸಿ ಇನ್ನೂ 2 ತಿಂಗಳು ವಿಸ್ತರಿಸಬಹುದು. ಸಣ್ಣ ಅಪರಾಧದ ವಿಚಾರಣೆ ಆ ವಿಸ್ತರಿತ ಅವಧಿಯಲ್ಲೂ ಮುಗಿಯದಿದ್ದರೆ ಕಲಾಪವು ತಾನಾಗಿಯೇ ಕೊನೆಗೊಳ್ಳುತ್ತದೆ. ಈ ವಿಧಿ 14(4) ಕಲಂನಲ್ಲಿದೆ. ಮಗುವಿನ ಪ್ರಕರಣವನ್ನು ವಯಸ್ಕರ ಪ್ರಕರಣದೊಂದಿಗೆ ಸೇರಿಸಿ ನಡೆಸುವಂತಿಲ್ಲ.

ತಪ್ಪು ಸಾಬೀತಾದರೂ ಮಂಡಳಿಯ ಮುಂದೆ ಹಲವು ಆಯ್ಕೆಗಳಿವೆ. ಮಗುವಿಗೂ ಪೋಷಕರಿಗೂ ಆಪ್ತಸಲಹೆ ನೀಡಿ, ಬುದ್ಧಿ ಹೇಳಿ ಮನೆಗೆ ಕಳುಹಿಸಬಹುದು. ಗುಂಪು ಸಮಾಲೋಚನೆಗೆ ಅಥವಾ ಸಮುದಾಯ ಸೇವೆಗೆ ಆದೇಶಿಸಬಹುದು. ದಂಡ ವಿಧಿಸಬಹುದು. ಸನ್ನಡತೆಯ ಷರತ್ತಿನ ಮೇಲೆ ಪೋಷಕರ ವಶಕ್ಕೆ ಬಿಡಬಹುದು. ಕೊನೆಯದಾಗಿ, ಗರಿಷ್ಠ 3 ವರ್ಷಗಳವರೆಗೆ ವಿಶೇಷ ಗೃಹಕ್ಕೆ ಕಳುಹಿಸಬಹುದು. ಸಂಸ್ಥೆಯಲ್ಲಿ ಇರಿಸುವುದು ಕೊನೆಯ ಉಪಾಯವಾಗಿರಬೇಕೆಂಬ ತತ್ತ್ವವನ್ನು ಕಾಯಿದೆ ಸ್ಪಷ್ಟವಾಗಿ ಹೇಳಿದೆ. ಮಂಡಳಿಯ ಆದೇಶದ ವಿರುದ್ಧ 30 ದಿನಗಳೊಳಗೆ ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಬಹುದು.

ವಯಸ್ಸಿನ ನಿರ್ಣಯ

ವಯಸ್ಸಿನ ಬಗ್ಗೆ ಸಂದೇಹ ಬಂದಾಗ ಅನುಸರಿಸಬೇಕಾದ ಕ್ರಮವನ್ನು 94ನೆಯ ಕಲಂ ಗೊತ್ತುಪಡಿಸಿದೆ. ಮೊದಲು ಶಾಲೆಯ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಮೆಟ್ರಿಕ್ಯುಲೇಷನ್ ಪ್ರಮಾಣಪತ್ರ, ಎಂದರೆ ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅದಿಲ್ಲದಿದ್ದರೆ ನಗರಸಭೆ, ಪುರಸಭೆ ಅಥವಾ ಪಂಚಾಯಿತಿ ನೀಡಿದ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದಾಗ ಮಾತ್ರ ಮೂಳೆಗಳ ವೈದ್ಯಕೀಯ ಪರೀಕ್ಷೆ. ಅಪರಾಧ ನಡೆದ ದಿನದ ವಯಸ್ಸೇ ಗಣನೆಗೆ ಬರುತ್ತದೆಯೇ ಹೊರತು ಹಾಜರುಪಡಿಸಿದ ದಿನದ ವಯಸ್ಸಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು ಪ್ರತಾಪ್ ಸಿಂಗ್ ಪ್ರಕರಣದಲ್ಲಿ (2005) ತೀರ್ಮಾನಿಸಿತು. ಆದ್ದರಿಂದ ಹದಿನೆಂಟನೆಯ ಹುಟ್ಟುಹಬ್ಬದ ಹಿಂದಿನ ದಿನ ನಡೆದ ಘಟನೆಗೆ ಬಾಲನ್ಯಾಯ ಕಾಯಿದೆಯೇ ಅನ್ವಯಿಸುತ್ತದೆ.

ಶಾಲೆಗೆ ಸೇರಿಸುವಾಗ ವಯಸ್ಸನ್ನು ಅಂದಾಜಿನಲ್ಲಿ ಬರೆಸುವ ವಾಡಿಕೆ ಹಿಂದೆ ಹಳ್ಳಿಗಳಲ್ಲಿ ವ್ಯಾಪಕವಾಗಿತ್ತು. ಶಾಲೆಯ ದಾಖಲಾತಿ ಪುಸ್ತಕದ ಆ ಒಂದು ಸಾಲು ಹೀಗೆ ಮುಂದೊಂದು ದಿನ ಹುಡುಗನು ಮಂಡಳಿಯ ಮುಂದೆ ನಿಲ್ಲಬೇಕೋ ನ್ಯಾಯಾಲಯದ ಮುಂದೆ ನಿಲ್ಲಬೇಕೋ ಎಂಬುದನ್ನು ನಿರ್ಧರಿಸುವ ದಾಖಲೆಯಾಗುತ್ತದೆ.

ಗೌಪ್ಯತೆ ಮತ್ತು ಭವಿಷ್ಯ

ಮಗುವಿನ ಹೆಸರು, ವಿಳಾಸ, ಶಾಲೆ ಅಥವಾ ಗುರುತು ಹತ್ತಬಹುದಾದ ಯಾವುದೇ ವಿವರವನ್ನು ಪತ್ರಿಕೆ, ದೂರದರ್ಶನ ಮತ್ತಾವುದೇ ಮಾಧ್ಯಮದಲ್ಲಿ ಪ್ರಕಟಿಸುವುದನ್ನು 74ನೆಯ ಕಲಂ ನಿಷೇಧಿಸುತ್ತದೆ. ಉಲ್ಲಂಘಿಸಿದವರಿಗೆ 6 ತಿಂಗಳವರೆಗಿನ ಸೆರೆವಾಸ ಅಥವಾ 2 ಲಕ್ಷ ರೂಪಾಯಿಗಳವರೆಗಿನ ದಂಡ ಅಥವಾ ಎರಡನ್ನೂ ವಿಧಿಸಬಹುದು. ಊರಿನ ವಾಟ್ಸಾಪ್ ಗುಂಪಿನಲ್ಲಿ ಹುಡುಗನ ಚಿತ್ರವನ್ನು ಹಂಚುವವರೂ ಈ ನಿಷೇಧದ ವ್ಯಾಪ್ತಿಗೆ ಬರಬಹುದು.

ಪ್ರಕರಣ ಮುಕ್ತಾಯಗೊಂಡ ಮೇಲೆ ನಡತೆ ಪ್ರಮಾಣಪತ್ರಕ್ಕಾಗಿಯೂ ಪೊಲೀಸರು ಆ ದಾಖಲೆಯನ್ನು ಬಹಿರಂಗಪಡಿಸುವಂತಿಲ್ಲ. 24ನೆಯ ಕಲಂನಂತೆ, ಈ ಕಾಯಿದೆಯಡಿ ಇತ್ಯರ್ಥವಾದ ಪ್ರಕರಣದಿಂದ ಮಗುವಿಗೆ ಮುಂದೆ ಯಾವ ಅನರ್ಹತೆಯೂ ಉಂಟಾಗಬಾರದು. ಮೇಲ್ಮನವಿಯ ಅವಧಿ ಮುಗಿದ ಮೇಲೆ ಸಂಬಂಧಿತ ದಾಖಲೆಗಳನ್ನು ನಾಶಪಡಿಸಬೇಕು. ಘೋರ ಅಪರಾಧಗಳಿಗೆ ಮಾತ್ರ ಇದರಲ್ಲಿ ವಿನಾಯಿತಿಗಳಿವೆ. ಬಾಲ್ಯದ ಪ್ರಕರಣವೊಂದರ ಕಾರಣಕ್ಕೆ ಉದ್ಯೋಗ ನಿರಾಕರಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯವು ರಮೇಶ್ ಬಿಷ್ಣೋಯ್ ಪ್ರಕರಣದಲ್ಲಿ (2019) ಎತ್ತಿಹಿಡಿದಿದೆ. ಪೊಲೀಸ್ ಇಲಾಖೆಗೋ ಸೇನೆಗೋ ಸೇರಬಯಸುವ ಯುವಕರಿಗೆ ಈ ರಕ್ಷಣೆ ವಿಶೇಷವಾಗಿ ಮುಖ್ಯವಾದದ್ದು.

18ರಿಂದ 21 ವರ್ಷದವರ ಹಕ್ಕುಗಳು

ಪದವಿಪೂರ್ವ ಶಿಕ್ಷಣ ಮುಗಿಸಿ ಕಾಲೇಜು ಸೇರಿದ ಬಹುಪಾಲು ವಿದ್ಯಾರ್ಥಿಗಳು ಈ ವರ್ಗಕ್ಕೆ ಸೇರುತ್ತಾರೆ. ಬಾಲನ್ಯಾಯ ಕಾಯಿದೆ ಇವರಿಗೆ ಅನ್ವಯಿಸುವುದಿಲ್ಲ. ಸಂವಿಧಾನದ 20(3), 21 ಮತ್ತು 22ನೆಯ ವಿಧಿಗಳು ಹಾಗೂ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಇವರ ರಕ್ಷಣೆಗಿವೆ. ಅವುಗಳಲ್ಲಿ ಮುಖ್ಯವಾದವು:

- ದಸ್ತಗಿರಿ ಅಗತ್ಯವಿಲ್ಲದಿದ್ದಾಗ ಹಾಜರಾಗುವಂತೆ ಬರಹದ ನೋಟಿಸು ಪಡೆಯುವುದು (35ನೆಯ ಕಲಂ).
- ವಿಚಾರಣೆಯ ಸಮಯದಲ್ಲಿ, ಪೂರ್ತಿ ಕಾಲವಲ್ಲದಿದ್ದರೂ, ತನ್ನ ಆಯ್ಕೆಯ ವಕೀಲರನ್ನು ಭೇಟಿಯಾಗುವುದು (38).
- ದಸ್ತಗಿರಿಯ ಕಾರಣವನ್ನೂ ಜಾಮೀನಿನ ಹಕ್ಕನ್ನೂ ತಿಳಿಯುವುದು (47).
- ಮನೆಯವರಿಗೆ ಅಥವಾ ಸ್ನೇಹಿತರಿಗೆ ಸುದ್ದಿ ಮುಟ್ಟಿಸುವುದು (48).
- ವೈದ್ಯಕೀಯ ತಪಾಸಣೆಗೆ ಒಳಪಡುವುದು (53).
- 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರಾಗುವುದು (58).
- ಜಾಮೀನು ನೀಡಬಹುದಾದ ಅಪರಾಧದಲ್ಲಿ ಜಾಮೀನನ್ನು ಹಕ್ಕಾಗಿ ಪಡೆಯುವುದು (478).

ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ. ಆದರೆ ನ್ಯಾಯಾಲಯದ ಮುಂದೆ ಮಾಡಿದ ಒಪ್ಪಿಗೆಯ ಸ್ವರೂಪವೇ ಬೇರೆ. ಅಲ್ಪಮೊತ್ತದ ದಂಡ ಕಟ್ಟಿದರೆ ಒಂದೇ ದಿನದಲ್ಲಿ ಮುಗಿಯುತ್ತದೆ ಎಂಬ ಮಾತನ್ನು ನಂಬಿ ತಪ್ಪೊಪ್ಪಿಕೊಂಡರೆ, ಅದು ದೋಷನಿರ್ಣಯವಾಗಿ ದಾಖಲೆಗೆ ಸೇರುತ್ತದೆ. ಮುಂದೆ ಸರ್ಕಾರಿ ಉದ್ಯೋಗದ ಅರ್ಜಿಯಲ್ಲಿ ಅದನ್ನು ಕೇಳಿದಾಗ ಮರೆಮಾಚುವುದು ಸ್ವತಂತ್ರವಾದ ತೊಂದರೆಗೆ ಎಡೆಮಾಡುತ್ತದೆ. ಆದ್ದರಿಂದ ದಂಡದ ಮೊತ್ತ ಎಷ್ಟೇ ಕಡಿಮೆಯಿರಲಿ, ತಪ್ಪೊಪ್ಪಿಕೊಳ್ಳುವ ಮುನ್ನ ವಕೀಲರ ಸಲಹೆ ಪಡೆಯುವುದು ಉಚಿತ.

ಈ ವಯೋಮಾನದವರಿಗೆ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯಿದೆಯಲ್ಲಿ ವಿಶೇಷ ರಕ್ಷಣೆ ಇದೆ. ಅದರ 6ನೆಯ ಕಲಂನಂತೆ, 21 ವರ್ಷ ತುಂಬದ ಅಪರಾಧಿಗೆ, ಅಪರಾಧವು ಜೀವಾವಧಿ ಶಿಕ್ಷೆಗೆ ಗುರಿಯಾಗುವಂಥದಲ್ಲದಿದ್ದರೆ, ಸೆರೆವಾಸ ವಿಧಿಸುವ ಮೊದಲು ನ್ಯಾಯಾಲಯವು ಪರಿವೀಕ್ಷಣಾಧಿಕಾರಿಯ ವರದಿ ತರಿಸಿ ಪರಿಶೀಲಿಸಬೇಕು. ಬುದ್ಧಿ ಹೇಳಿ ಬಿಡುವುದು ಅಥವಾ ಸನ್ನಡತೆಯ ಷರತ್ತಿನ ಮೇಲೆ ಬಿಡುವುದು ಯೋಗ್ಯವಲ್ಲವೆಂದು ಮನವರಿಕೆಯಾದರೆ ಮಾತ್ರ, ಕಾರಣಗಳನ್ನು ಬರೆದು ಸೆರೆವಾಸ ವಿಧಿಸಬಹುದು. ಹೀಗೆ ಬಿಡುಗಡೆಯಾದವರಿಗೆ ದೋಷನಿರ್ಣಯದಿಂದ ಬರುವ ಅನರ್ಹತೆ ತಟ್ಟುವುದಿಲ್ಲವೆಂದು 12ನೆಯ ಕಲಂ ಹೇಳುತ್ತದೆ. ಈ ಸೌಲಭ್ಯವನ್ನು ಆರೋಪಿಯ ಪರ ವಕೀಲರು ನ್ಯಾಯಾಲಯದ ಗಮನಕ್ಕೆ ತರುವುದು ಅವಶ್ಯ.

ವಾಹನ ಚಾಲನೆ

ಮೋಟಾರು ವಾಹನಗಳ ಕಾಯಿದೆ, 1988ರ 185ನೆಯ ಕಲಂನಂತೆ, 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರವಿದ್ದು ವಾಹನ ಚಲಾಯಿಸುವುದು ಅಪರಾಧ. ಮೊದಲ ಬಾರಿಗೆ 6 ತಿಂಗಳವರೆಗಿನ ಸೆರೆವಾಸ ಅಥವಾ 10,000 ರೂಪಾಯಿಗಳವರೆಗಿನ ದಂಡ ಅಥವಾ ಎರಡೂ ಉಂಟು. 2019ರ ತಿದ್ದುಪಡಿಯಿಂದ ಸೇರಿದ 199ಎ ಕಲಂ, ಅಪ್ರಾಪ್ತ ವಯಸ್ಕನು ವಾಹನ ಚಲಾಯಿಸಿ ಅಪರಾಧ ಎಸಗಿದರೆ ಪೋಷಕರನ್ನು ಅಥವಾ ವಾಹನದ ಮಾಲೀಕರನ್ನು ಹೊಣೆಯಾಗಿಸುತ್ತದೆ. ಅವರಿಗೆ 3 ವರ್ಷಗಳವರೆಗಿನ ಸೆರೆವಾಸ ಮತ್ತು 25,000 ರೂಪಾಯಿ ದಂಡ ವಿಧಿಸಬಹುದು. ವಾಹನದ ನೋಂದಣಿ 12 ತಿಂಗಳು ರದ್ದಾಗುತ್ತದೆ. ಹುಡುಗನಿಗೆ 25 ವರ್ಷ ತುಂಬುವವರೆಗೆ ಚಾಲನಾ ಪರವಾನಗಿ ದೊರೆಯುವುದಿಲ್ಲ.

ಶಾಲೆ ಮತ್ತು ಕಾಲೇಜಿನ ಕ್ರಮಗಳು

ಪೊಲೀಸ್ ಪ್ರಕರಣದ ಜೊತೆಗೋ ಅದಿಲ್ಲದೆಯೋ ಶಿಕ್ಷಣ ಸಂಸ್ಥೆಯು ಶಿಸ್ತುಕ್ರಮ ಕೈಗೊಳ್ಳುವುದುಂಟು. 6ರಿಂದ 14 ವರ್ಷದ ಮಕ್ಕಳನ್ನು ಎಂಟನೆಯ ತರಗತಿ ಮುಗಿಯುವವರೆಗೆ ಶಾಲೆಯಿಂದ ಹೊರಹಾಕುವುದನ್ನು ಶಿಕ್ಷಣ ಹಕ್ಕು ಕಾಯಿದೆ, 2009ರ 16ನೆಯ ಕಲಂ ನಿಷೇಧಿಸುತ್ತದೆ. ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳವನ್ನು 17ನೆಯ ಕಲಂ ನಿಷೇಧಿಸುತ್ತದೆ. ಅದಕ್ಕಿಂತ ಮೇಲಿನ ತರಗತಿಗಳಲ್ಲಿ ಸಂಸ್ಥೆಯ ನಿಯಮಗಳು ಅನ್ವಯಿಸುತ್ತವೆ. ಅಲ್ಲಿಯೂ ಆರೋಪವನ್ನು ತಿಳಿಸಿ, ಉತ್ತರ ಹೇಳಲು ಅವಕಾಶ ನೀಡುವುದು ಸಹಜ ನ್ಯಾಯದ ತತ್ತ್ವ. ವರ್ಗಾವಣೆ ಪತ್ರದಲ್ಲಿ ನಡತೆಯ ಬಗ್ಗೆ ಬರೆಯುವ ಒಂದು ಷರಾ, ಮಂಡಳಿಯು ಬುದ್ಧಿ ಹೇಳಿ ಕಳುಹಿಸಿದ ಪ್ರಕರಣಕ್ಕಿಂತ ಹೆಚ್ಚಿನ ಹಾನಿಯನ್ನು ವಿದ್ಯಾರ್ಥಿಗೆ ಉಂಟುಮಾಡಬಲ್ಲದು.

ಹಾಸನ ಜಿಲ್ಲೆಯಲ್ಲಿ

ಹಾಸನ ಜಿಲ್ಲೆಯು ಹಾಸನ, ಅರಸೀಕೆರೆ, ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು, ಬೇಲೂರು, ಸಕಲೇಶಪುರ ಮತ್ತು ಆಲೂರು ಎಂಬ ಎಂಟು ತಾಲೂಕುಗಳನ್ನು ಒಳಗೊಂಡಿದೆ. ಬಾಲನ್ಯಾಯ ಮಂಡಳಿ ಜಿಲ್ಲಾ ಕೇಂದ್ರವಾದ ಹಾಸನದಲ್ಲಿದೆ. ತಾಲೂಕು ನ್ಯಾಯಾಲಯಗಳ ಮ್ಯಾಜಿಸ್ಟ್ರೇಟರ ಮುಂದೆ ಹಾಜರಾದ ವ್ಯಕ್ತಿ ಮಗುವೆಂದು ಕಂಡುಬಂದರೆ, ಅವರು 9ನೆಯ ಕಲಂನಂತೆ ಅದನ್ನು ದಾಖಲಿಸಿ ಮಗುವನ್ನು ಕಡತದೊಂದಿಗೆ ಮಂಡಳಿಗೆ ಕಳುಹಿಸಬೇಕು. ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ಪಟ್ಟಣಗಳು ಹಾಸನದಿಂದ ಸುಮಾರು 30ರಿಂದ 40 ಕಿಲೋಮೀಟರ್ ದೂರದಲ್ಲಿವೆ. ಕೊಣನೂರು, ರಾಮನಾಥಪುರ ಮೊದಲಾದ ಕಡೆಯ ಕೂಲಿಕಾರ ಕುಟುಂಬಕ್ಕೆ ಪ್ರತಿ ವಿಚಾರಣಾ ದಿನವೂ ಒಂದು ದಿನದ ದುಡಿಮೆಯನ್ನು ಬಿಡಿಸುತ್ತದೆ. ಆದ್ದರಿಂದ ಸಣ್ಣ ಅಪರಾಧಗಳನ್ನು ಸಂಕ್ಷಿಪ್ತ ವಿಚಾರಣೆಯಲ್ಲಿ ಮುಗಿಸಬೇಕೆಂಬ ವಿಧಿಗೆ ಇಲ್ಲಿ ವಿಶೇಷ ಮಹತ್ವವಿದೆ.

ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆ, 1987ರ 12ನೆಯ ಕಲಂ ಮಕ್ಕಳಿಗೂ ಮಹಿಳೆಯರಿಗೂ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವನ್ನು ನೀಡುತ್ತದೆ. ಇದಕ್ಕಾಗಿ ಹಾಸನದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನೂ, ತಾಲೂಕು ಕೇಂದ್ರಗಳ ನ್ಯಾಯಾಲಯಗಳಲ್ಲಿ ತಾಲೂಕು ಕಾನೂನು ಸೇವೆಗಳ ಸಮಿತಿಗಳನ್ನೂ ಸಂಪರ್ಕಿಸಬಹುದು. ರಾಷ್ಟ್ರೀಯ ಕಾನೂನು ನೆರವಿನ ದೂರವಾಣಿ ಸಂಖ್ಯೆ 15100, ಮಕ್ಕಳ ಸಹಾಯವಾಣಿಯ ಸಂಖ್ಯೆ 1098. ಮಕ್ಕಳ ಹಕ್ಕುಗಳ ಉಲ್ಲಂಘನೆಯ ಬಗ್ಗೆ ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ದೂರು ನೀಡಬಹುದು.

ನೆರೆಯ ರಾಜ್ಯಗಳು

ವಯಸ್ಸಿನ ಮಿತಿ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ತಮಿಳುನಾಡು, ಆಂಧ್ರಪ್ರದೇಶ ಮತ್ತು ತೆಲಂಗಾಣಗಳಲ್ಲಿ 21, ಕೇರಳದಲ್ಲಿ 23, ಗೋವಾದಲ್ಲಿ 18. ಕೇರಳದ ಅಬಕಾರಿ ಕಾಯಿದೆಯು ಮಾರಾಟದ ಜೊತೆಗೆ 23 ವರ್ಷ ತುಂಬದವರ ಸೇವನೆಯನ್ನೂ ನಿಷೇಧಿಸುವುದರಿಂದ, ಕಾಸರಗೋಡಿನ ಕನ್ನಡಿಗ ಯುವಕರ ಸ್ಥಿತಿ ಗಡಿಯ ಈಚೆಗಿನವರ ಸ್ಥಿತಿಗಿಂತ ಭಿನ್ನ. ಬಾಲನ್ಯಾಯ ಕಾಯಿದೆ ಮಾತ್ರ ಎಲ್ಲ ಕಡೆಯೂ ಒಂದೇ.

ಅನುಷ್ಠಾನ ಮತ್ತು ಚರ್ಚೆ

ಬಾಲನ್ಯಾಯ ವ್ಯವಸ್ಥೆಯಲ್ಲಿನ ಖಾಲಿ ಹುದ್ದೆಗಳು, ಬಾಕಿ ಪ್ರಕರಣಗಳು ಮತ್ತು ತರಬೇತಿಯ ಕೊರತೆಯನ್ನು ಸರ್ವೋಚ್ಚ ನ್ಯಾಯಾಲಯವು ಸಂಪೂರ್ಣ ಬೆಹುರಾ ಪ್ರಕರಣದ ತೀರ್ಪಿನಲ್ಲಿ (2018) ಗುರುತಿಸಿ, ರಾಜ್ಯಗಳಿಗೆ ಹಲವು ನಿರ್ದೇಶನಗಳನ್ನು ನೀಡಿತು. ಮದ್ಯಕ್ಕೆ ಸಂಬಂಧಿಸಿದ ಸಣ್ಣ ಪ್ರಕರಣಗಳಲ್ಲಿ ಎರಡು ಬಗೆಯ ಲೋಪಗಳು ಚರ್ಚೆಗೆ ಬರುತ್ತವೆ. ಪ್ರಕರಣವನ್ನು ದಾಖಲಿಸದೆ ಠಾಣೆಯಲ್ಲಿ ಗದರಿಸಿ, ಕೆಲವೊಮ್ಮೆ ಹೊಡೆದು ಕಳುಹಿಸುವುದು ಒಂದು. ದಾಖಲೆಯೇ ಇಲ್ಲದಿರುವುದರಿಂದ ಅಲ್ಲಿ ಮಗುವಿಗೆ ಸಲಹೆಯೂ ಸಿಗುವುದಿಲ್ಲ, ಮದ್ಯ ಕೊಟ್ಟವರ ವಿಚಾರಣೆಯೂ ನಡೆಯುವುದಿಲ್ಲ. ವಯಸ್ಸನ್ನು ಪರಿಶೀಲಿಸದೆ ವಯಸ್ಕನೆಂದು ನಮೂದಿಸುವುದು ಇನ್ನೊಂದು.

ಹದಿಹರೆಯದವರಿಗೆ ಹಕ್ಕುಗಳನ್ನು ತಿಳಿಸುವುದು ಕುಡಿತಕ್ಕೆ ಉತ್ತೇಜನ ಕೊಟ್ಟಂತೆ ಎಂಬ ಆಕ್ಷೇಪವೂ ಇದೆ. ಕಾಯಿದೆಯ ರಚನೆ ಈ ಆಕ್ಷೇಪಕ್ಕೆ ಉತ್ತರ ನೀಡುತ್ತದೆ. ಅದು ಮಗುವಿನ ತಪ್ಪನ್ನು ಅಲ್ಲಗಳೆಯುವುದಿಲ್ಲ, ವಿಚಾರಣೆಯನ್ನು ತಪ್ಪಿಸುವುದೂ ಇಲ್ಲ. ತಪ್ಪಿನ ಗಾತ್ರಕ್ಕೆ ಮೀರಿದ ಶಿಕ್ಷೆ ಮಗುವಿನ ಮುಂದಿನ ಬದುಕಿನ ಮೇಲೆ ಬೀಳದಂತೆ ತಡೆದು, ಮದ್ಯವನ್ನು ಮಗುವಿನ ಕೈಗೆ ತಲುಪಿಸಿದ ವಯಸ್ಕರನ್ನು ಹೊಣೆಗಾರರನ್ನಾಗಿಸುತ್ತದೆ.